ಕಪ್ಪೆಯ ಮುಖ, ಯಾರದೋ ಮಾತು

ನಮ್ಮ ಬೀದಿಯ ಹೆಂಗಸರದೊಂದು ವಾಟ್ಸಾಪ್ ಗುಂಪಿದೆ. ಹಾಲಿನವನು ಬಾರದ ಸುದ್ದಿಯಿಂದ ಹಿಡಿದು ಯಾರ ಮನೆಯ ದಾಸವಾಳಕ್ಕೆ ಹುಳ ಬಿದ್ದಿದೆ ಎಂಬುದರವರೆಗೆ ಎಲ್ಲವೂ ಅಲ್ಲಿಗೆ ಬರುತ್ತದೆ. ಒಂದು ಮಳೆಗಾಲದಲ್ಲಿ ಎರಡು ದಿನ ಸತತವಾಗಿ ಕರೆಂಟು ಹೋಗಿ, ನೆನೆಹಾಕಿದ ಅಕ್ಕಿ, ಉದ್ದಿನಬೇಳೆ ರುಬ್ಬಲಾಗದೆ ವಾಸನೆ ಬಂದು, ಇಡ್ಲಿಯ ಆಸೆ ಬಿಟ್ಟು ರವೆಯ ಡಬ್ಬಿಗೆ ಕೈಹಾಕಿದ ಬೆಳಿಗ್ಗೆ, ಎದುರುಮನೆಯ ಗೆಳತಿ ಗುಂಪಿಗೆ ಒಂದು ಕಪ್ಪೆಯ ಮುಖ ಕಳಿಸಿದಳು. ಹಸಿರು ಮುಖ, ದಪ್ಪ ಕಂದು ತುಟಿ, ಅರ್ಧ ಮುಚ್ಚಿದ ದೊಡ್ಡ ಕಣ್ಣು. ಆ ಕಣ್ಣುಗಳಲ್ಲಿ ಜಗತ್ತಿನ ದುಃಖವೆಲ್ಲ ಬಂದು ನಿಂತ ಹಾಗಿತ್ತು. ಕೆಳಗೆ ಕನ್ನಡದಲ್ಲಿ, 'ಇವತ್ತೂ ಉಪ್ಪಿಟ್ಟೇ.' ಕಾಲೇಜಿಗೆ ಹೋಗುವ ಅವಳ ಮಗ ಮಾಡಿಕೊಟ್ಟದ್ದಂತೆ. ನಾನು ನಕ್ಕಿದ್ದೇ ನಕ್ಕಿದ್ದು. ನಕ್ಕು ಸುಮ್ಮನಿರಬಾರದೇ? ಅದನ್ನು ನಮ್ಮ ಮನೆಯವರ ಗುಂಪಿಗೂ ದಾಟಿಸಿದೆ.

ಅರ್ಧ ಗಂಟೆಗೆ ನ್ಯೂಜೆರ್ಸಿಯಿಂದ ಮಗಳ ಫೋನು. ಅವಳಿಗೆ ಅದು ಮಲಗುವ ಹೊತ್ತು. ಏನಾಯಿತೋ ಎಂದು ಎದೆ ಹೊಡೆದುಕೊಂಡಿತು.

"ಅಮ್ಮಾ, ಆ ಕಪ್ಪೇನ ಮೊದಲು ತೆಗಿ."

"ಯಾಕೇ? ಉಪ್ಪಿಟ್ಟು ನಿಮ್ಮಪ್ಪನಿಗೆ ಆಗಲ್ಲ ಅಂತ ಊರಿಗೆಲ್ಲ ಗೊತ್ತಲ್ಲ."

"ಉಪ್ಪಿಟ್ಟಲ್ಲಮ್ಮ, ಕಪ್ಪೆ. ಇಲ್ಲಿ ಅದನ್ನ ನೋಡಿದವರು ಬೇರೆ ಏನೋ ಅಂದ್ಕೋತಾರೆ. ನಮ್ಮಂಥವರನ್ನ ಕಂಡರೆ ಆಗದವರು ಹಾಕ್ಕೊಳ್ಳೋ ಚಿತ್ರ ಅದು."

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು. ಲಾಂಛನಗಳ ಪಾಠ ಮಾಡಿದವಳು. ಗಂಡಭೇರುಂಡ, ವರಾಹ, ಶಾರ್ದೂಲ, ಯಾವುದು ಯಾರದೆಂದು ನಿದ್ದೆಯಲ್ಲೂ ಹೇಳಬಲ್ಲೆ. ಆದರೆ ಬಿಳಿಯರೇ ಮೇಲು ಎನ್ನುವವರ ಲಾಂಛನ ಅಳುಮುಂಜಿ ಕಪ್ಪೆ ಎಂದರೆ ನಂಬುವುದು ಹೇಗೆ? ನಮ್ಮಲ್ಲಿ ಮಳೆ ಬಾರದಿದ್ದರೆ ಕಪ್ಪೆಗೆ ಮದುವೆ ಮಾಡುತ್ತಾರೆ. ಅದಕ್ಕಿಂತ ನಿರುಪದ್ರವಿ ಪ್ರಾಣಿ ಉಂಟೇ? ಆ ರಾತ್ರಿ ಕರೆಂಟು ಬಂದ ಮೇಲೆ ಕಪ್ಪೆಯ ಪೂರ್ವೋತ್ತರ ಹುಡುಕುತ್ತ ಕುಳಿತೆ. ಒಂದು ರಾತ್ರಿಯಲ್ಲಿ ಮುಗಿಯಲಿಲ್ಲ. ಹುಡುಕುತ್ತ ಹೋದಂತೆ ನನ್ನದೇ ಹಳೆಯ ಕಥೆಯೊಂದು ಅದರೊಳಗಿಂದ ಎದ್ದು ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ಕಪ್ಪೆಯ ಹೆಸರು ಪೆಪೆ. ಬರೆದವನು ಮ್ಯಾಟ್ ಫ್ಯೂರಿ. ಒಹಾಯೋ ರಾಜ್ಯದವನು, 1979ರಲ್ಲಿ ಹುಟ್ಟಿದವನು. ಚಿತ್ರಕಲೆ ಓದಿಕೊಂಡು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಜನ ಬಿಟ್ಟುಕೊಟ್ಟ ಹಳೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಕೆಲಸ ಮಾಡಿಕೊಂಡಿದ್ದ. 2005ರ ಸುಮಾರಿಗೆ 'ಬಾಯ್ಸ್ ಕ್ಲಬ್' ಎಂಬ ಚಿತ್ರಕಥೆ ಬರೆಯತೊಡಗಿದ. ಒಂದೇ ಮನೆಯಲ್ಲಿ ಇರುವ ನಾಲ್ವರು ಪಡ್ಡೆಗಳು, ಕಪ್ಪೆ ಪೆಪೆ, ತೋಳ ಲ್ಯಾಂಡ್‌ವುಲ್ಫ್, ಜೊತೆಗೆ ಆಂಡಿ ಮತ್ತು ಬ್ರೆಟ್. ತಿನ್ನುವುದು, ಮಲಗುವುದು, ಪೋಲಿ ಹಾಸ್ಯ ಮಾಡುವುದು ಬಿಟ್ಟರೆ ಅವರಿಗೆ ಬೇರೆ ಕಸುಬಿಲ್ಲ. ಮದುವೆಯಾಗದ ಹುಡುಗರು ಬಾಡಿಗೆಗಿರುವ ಯಾವುದೇ ರೂಮಿಗೆ ಹೋಗಿ ನೋಡಿ, ಅಷ್ಟೇ. ಅದರಲ್ಲೊಂದು ಪ್ರಸಂಗ. ಪೆಪೆ ಚಿಕ್ಕ ಮಕ್ಕಳ ಹಾಗೆ ಚಡ್ಡಿಯನ್ನು ಪೂರ್ತಿ ಪಾದದವರೆಗೆ ಇಳಿಸಿ ಮೂತ್ರಕ್ಕೆ ನಿಲ್ಲುತ್ತಾನೆ. ಗೆಳೆಯನ ಕಣ್ಣಿಗೆ ಬೀಳುತ್ತದೆ. ಹೀಗೇಕೆ ಎಂದು ಕೇಳಿದರೆ ನಾಚಿಕೆಯಿಲ್ಲದೆ, ಹಾಗೆ ಮಾಡಿದರೆ ಹಾಯೆನಿಸುತ್ತದಪ್ಪಾ ಎಂಬರ್ಥದ ಉತ್ತರ ಕೊಡುತ್ತಾನೆ. ಇಷ್ಟೇ. ಇಷ್ಟು ಸಣ್ಣ ತಮಾಷೆಗೆ ಇಷ್ಟು ದೊಡ್ಡ ಚರಿತ್ರೆ!

ಫ್ಯೂರಿ ಆ ಹಾಳೆಗಳನ್ನು ತನ್ನ ಮೈಸ್ಪೇಸ್ ಪುಟಕ್ಕೆ ಹಾಕಿದ್ದ. ಆಮೇಲೆ ಸಣ್ಣ ಪುಸ್ತಕಗಳಾಗಿ ಅಚ್ಚೂ ಆಯಿತು. 2008ರ ಹೊತ್ತಿಗೆ ಯಾರೋ ಆ ಮುಖವೊಂದನ್ನೇ ಕತ್ತರಿಸಿ 4ಚಾನ್ ಎಂಬಲ್ಲಿಗೆ ತಂದು ಹಾಕಿದರು. ಯಾರೂ ಹೆಸರು ಹೇಳದೆ, ಮುಖ ತೋರಿಸದೆ ಹರಟುವ ಜಾಗ ಅದು. ಹೆಚ್ಚಿನವರು ಹರೆಯದ ಗಂಡುಮಕ್ಕಳು, ರಾತ್ರಿಯೆಲ್ಲ ಎಚ್ಚರವಾಗಿದ್ದು ಒಂಟಿತನವನ್ನು ಕೀಟಲೆಯಲ್ಲಿ ಕಳೆಯುವವರು. ಮುಖ ತೋರಿಸದವರಿಗೆ ಒಂದು ಮುಖ ಬೇಕಿತ್ತು. ಕಪ್ಪೆ ಸಿಕ್ಕಿತು. ಮೊದಲು ತೃಪ್ತಿಯ ಮುಖ ಓಡಾಡಿತು. ತುಟಿಯನ್ನು ಕೆಳಗೆ ಬಾಗಿಸಿದರು, ದುಃಖದ ಕಪ್ಪೆಯಾಯಿತು. ಗಲ್ಲಕ್ಕೆ ಕೈಕೊಟ್ಟು ತುಟಿಯ ಕೊನೆ ಎತ್ತಿದರು, ಕೊಂಕುನಗೆಯ ಕಪ್ಪೆಯಾಯಿತು. ಹಲ್ಲು ಕಚ್ಚಿಸಿ ಕೆಂಪು ಬಳಿದರು, ಸಿಟ್ಟಿನ ಕಪ್ಪೆ. ಪರೀಕ್ಷೆಯಲ್ಲಿ ಫೇಲಾದರೆ ಒಂದು, ಹುಡುಗಿ ಮಾತಾಡಿಸದಿದ್ದರೆ ಒಂದು. ನಮ್ಮ ಎದುರುಮನೆಯ ಉಪ್ಪಿಟ್ಟಿನ ಕಪ್ಪೆ ಈ ಎರಡನೆಯದರ ಮರಿಮೊಮ್ಮಗು.

ಮುಖದಲ್ಲಿ ಒಂದು ಗೆರೆ ಬದಲಿಸಿದರೆ ಮನಸ್ಸೇ ಬದಲಾದಂತೆ ಕಾಣುವುದು ಹೊಸ ವಿದ್ಯೆಯೇನಲ್ಲ. ಜಿನೀವಾದಲ್ಲಿ ರೊಡಾಲ್ಫ್ ಟೊಪ್ಫರ್ ಎಂಬ ಮೇಷ್ಟ್ರಿದ್ದರು, 1799ರಲ್ಲಿ ಹುಟ್ಟಿದವರು. ತಂದೆಯ ಹಾಗೆ ಚಿತ್ರಗಾರರಾಗಬೇಕೆಂಬ ಆಸೆ, ಕಣ್ಣಿನ ತೊಂದರೆಯಿಂದ ಕೈಗೂಡಲಿಲ್ಲ. ಹುಡುಗರ ವಸತಿಶಾಲೆ ನಡೆಸಿದರು. ಸಂಜೆ ಆ ಹುಡುಗರನ್ನು ನಗಿಸಲು ಸಾಲು ಸಾಲಾಗಿ ಚಿತ್ರ ಗೀಚಿ, ಪ್ರತಿ ಚಿತ್ರದ ಕೆಳಗೂ ಒಂದೆರಡು ಸಾಲು ಬರೆದರು. ಅಡಿಬರಹವುಳ್ಳ ಚಿತ್ರಕಥೆಗೆ ಅವರೇ ಮೂಲಪುರುಷರೆಂದು ಬಲ್ಲವರು ಹೇಳುತ್ತಾರೆ. ಜರ್ಮನಿಯ ಮಹಾಕವಿ ಗಯಟೆ ಮುದಿ ವಯಸ್ಸಿನಲ್ಲಿ ಅವನ್ನು ನೋಡಿ ಮೆಚ್ಚಿಕೊಂಡನಂತೆ. 1845ರಲ್ಲಿ ಟೊಪ್ಫರ್ ಮುಖಭಾವಗಳ ಬಗ್ಗೆಯೇ ಒಂದು ಚಿಕ್ಕ ಪುಸ್ತಕ ಬರೆದರು. ಎಷ್ಟು ಸೊಟ್ಟಗೆ ಗೀಚಿದರೂ ಮುಖವೆಂದ ಮೇಲೆ ಅದಕ್ಕೊಂದು ಭಾವ ಬಂದೇ ಬರುತ್ತದೆ, ಹುಬ್ಬೋ ತುಟಿಯೋ ಒಂದನ್ನು ಬದಲಿಸಿದರೆ ಬೇರೊಬ್ಬನೇ ಆಗುತ್ತಾನೆ ಎನ್ನುವುದು ಅವರ ವಾದ. ಇನ್ನೊಂದು ಮಾತು. ಆ ಮೇಷ್ಟ್ರ ಪುಸ್ತಕಗಳನ್ನು ಪ್ಯಾರಿಸಿನಲ್ಲೂ ಲಂಡನ್ನಿನಲ್ಲೂ ಅವರನ್ನು ಕೇಳದೆಯೇ ನಕಲು ಮಾಡಿ ಮಾರಿದರು, 1842ರಲ್ಲಿ ನ್ಯೂಯಾರ್ಕಿನಲ್ಲೂ ಅಚ್ಚು ಹಾಕಿದರು. ಅಂದರೆ ಕಳ್ಳತನವೂ ಚಿತ್ರಕಥೆಯಷ್ಟೇ ಹಳೆಯದು.

ಈಗಿನ ಹುಡುಗರು ಇದಕ್ಕೆ ಮೀಮ್ ಎನ್ನುತ್ತಾರೆ. ಈ ಶಬ್ದವನ್ನು ಹುಟ್ಟುಹಾಕಿದವರು ಜೀವಶಾಸ್ತ್ರದ ರಿಚರ್ಡ್ ಡಾಕಿನ್ಸ್, 1976ರಲ್ಲಿ. ಒಂದು ರಾಗ, ಒಂದು ನಂಬಿಕೆ, ಒಂದು ಉಡುಗೆಯ ರೀತಿ ತಲೆಯಿಂದ ತಲೆಗೆ ಹಾರಿ ತನ್ನಂತೆಯೇ ಇನ್ನೊಂದನ್ನು ಹುಟ್ಟಿಸಿಕೊಳ್ಳುವುದಕ್ಕೆ ಅವರಿಟ್ಟ ಹೆಸರು ಅದು. ಕಪ್ಪೆ ಹೀಗೆ ಹಾರುವುದಕ್ಕೆಂದೇ ಹುಟ್ಟಿದ್ದು ನೋಡಿ!

2014ರ ವೇಳೆಗೆ ಕಪ್ಪೆ ಆ ಕತ್ತಲೆಕೋಣೆಯಿಂದ ಅಂಗಳಕ್ಕೆ ಬಂತು. ಗಾಯಕಿ ಕೇಟಿ ಪೆರ್ರಿ, ದೂರದ ವಿಮಾನಪ್ರಯಾಣದ ಸುಸ್ತು ತೋಡಿಕೊಳ್ಳಲು ಅಳುವ ಪೆಪೆಯ ಚಿತ್ರ ಹಾಕಿದಳು. ಇನ್ನೊಬ್ಬ ಗಾಯಕಿ ನಿಕಿ ಮಿನಾಜ್ ಕೂಡ ಹಾಕಿದಳು. ಶಾಲೆ ಕಾಲೇಜಿನ ಹುಡುಗಿಯರೆಲ್ಲ ಹಾಕತೊಡಗಿದರು. ಇಲ್ಲಿಂದ ಮುಂದಿನದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಆ ಹುಡುಗರಿಗೆ ಇದು ಸಹನೆಯಾಗಲಿಲ್ಲ. ತಮ್ಮ ಗುಟ್ಟಿನ ಕಪ್ಪೆಯನ್ನು ಹುಡುಗಿಯರು ಮುಟ್ಟಿಬಿಟ್ಟರು, ಮೈಲಿಗೆಯಾಯಿತು! ಹೊರಗಿನವರು ಇನ್ನು ಮುಟ್ಟಲೇಬಾರದು, ಅಷ್ಟು ಹೊಲಸು ಮಾಡಿಬಿಡೋಣ ಎಂದು ಕೆಲವರು ಹಟ ಹಿಡಿದರು. ಕಪ್ಪೆಗೆ ಮಲಮೂತ್ರ ಬಳಿದರು. ಅದೂ ಸಾಲದೆ ಹಿಟ್ಲರನ ಮೀಸೆ ಬರೆದರು, ನಾಜಿಗಳ ಸಮವಸ್ತ್ರ ತೊಡಿಸಿದರು. ಕರಿಯರನ್ನೂ ಯಹೂದಿಗಳನ್ನೂ ಹೀಯಾಳಿಸುವ ಮಾತುಗಳನ್ನು ಕೆಳಗೆ ಬರೆದರು. ಮೊದಲು ಬರೆದವರಲ್ಲಿ ಎಷ್ಟು ಜನ ಹುಡುಗಾಟಕ್ಕೆ ಬರೆದರೋ, ಎಷ್ಟು ಜನ ಮನಸ್ಸಿನಿಂದ ಬರೆದರೋ, ಬೇರ್ಪಡಿಸುವುದು ಕಷ್ಟ. ಆದರೆ ಮನಸ್ಸಿನಿಂದ ದ್ವೇಷಿಸುವವರಿಗೆ ಹುಡುಗಾಟದ ಮುಖವಾಡ ಸಿಕ್ಕಿತು. ಯಾರಾದರೂ ಆಕ್ಷೇಪಿಸಿದರೆ, ಅಯ್ಯೋ ಕಪ್ಪೆಯಪ್ಪಾ, ತಮಾಷೆಗೆ ಎಂದುಬಿಡಬಹುದಲ್ಲ.

ಅಷ್ಟರಲ್ಲಿ ಅಮೆರಿಕದ ಚುನಾವಣೆ ಬಂತು. 2015ರ ಅಕ್ಟೋಬರಿನಲ್ಲಿ ಡೊನಾಲ್ಡ್ ಟ್ರಂಪ್ ತಮ್ಮದೇ ತಲೆಗೂದಲಿನ ಪೆಪೆಯನ್ನು ಅಧ್ಯಕ್ಷರ ಪೀಠದ ಮುಂದೆ ನಿಲ್ಲಿಸಿದ ಚಿತ್ರವೊಂದನ್ನು ಹಂಚಿಕೊಂಡರು. 2016ರ ಸೆಪ್ಟೆಂಬರಿನಲ್ಲಿ ಎದುರಾಳಿ ಹಿಲರಿ ಕ್ಲಿಂಟನ್ ಕಡೆಯವರು, ಈ ಕಪ್ಪೆ ಬಿಳಿಯರ ಶ್ರೇಷ್ಠತೆಯ ಗುರುತಾಗಿದೆ ಎಂದು ವಿವರಣೆ ಪ್ರಕಟಿಸಿದರು. ಅದೇ ತಿಂಗಳ 27ರಂದು ಆಂಟಿ ಡಿಫಮೇಶನ್ ಲೀಗ್, ಅಂದರೆ ಯಹೂದಿ ದ್ವೇಷದ ವಿರುದ್ಧ 1913ರಿಂದ ಕೆಲಸ ಮಾಡುತ್ತಿರುವ ಸಂಸ್ಥೆ, ದ್ವೇಷದ ಚಿಹ್ನೆಗಳ ತನ್ನ ಪಟ್ಟಿಗೆ ಪೆಪೆಯನ್ನು ಸೇರಿಸಿತು. ಸ್ವಸ್ತಿಕವನ್ನು ಹಿಟ್ಲರನಿಂದ ಬಿಡಿಸಿಕೊಳ್ಳಲು ನಮ್ಮವರು ಅಲ್ಲಿ ಇನ್ನೂ ವಾದಿಸುತ್ತಲೇ ಇದ್ದಾರೆ. ಕಪ್ಪೆಯೂ ಆ ಸಾಲಿಗೆ ಹೋಗಿ ನಿಂತಿತು. ಎಲ್ಲ ಪೆಪೆಯೂ ದ್ವೇಷದ್ದಲ್ಲ, ಹೆಚ್ಚಿನವು ನಿರಪಾಯಕಾರಿ, ಸಂದರ್ಭ ನೋಡಿ ತೀರ್ಮಾನಿಸಬೇಕು ಎಂದು ಆ ಸಂಸ್ಥೆ ಸ್ಪಷ್ಟವಾಗಿಯೇ ಬರೆದಿದೆ. ಆದರೆ ಪಟ್ಟಿಗೆ ಹೆಸರು ಬಿದ್ದ ಮೇಲೆ ಷರಾ ಓದುವವರು ಯಾರು? ನನ್ನ ಮಗಳೂ ಓದಿರಲಿಲ್ಲ.

ಆಗ ಫ್ಯೂರಿ ಏನು ಮಾಡುತ್ತಿದ್ದ? ಇದು ನನ್ನ ಮೊದಲ ಪ್ರಶ್ನೆ, ಮೇಷ್ಟರಗಿತ್ತಿಯ ಪ್ರಶ್ನೆ. ಎಂಟು ವರ್ಷದಿಂದ ನಿನ್ನ ಕಪ್ಪೆಯ ಬಾಯಿಗೆ ಯಾರು ಯಾರೋ ಮಾತು ತುರುಕುತ್ತಿದ್ದರೆ ಕಣ್ಣುಮುಚ್ಚಿ ಕುಳಿತಿದ್ದೆಯಾ ಎಂದು ಆ ಹುಡುಗನ ಕಿವಿ ಹಿಂಡಬೇಕೆನಿಸಿತು. ಆತ ಸಾಧು ಸ್ವಭಾವದವನು. ಜನ ಮುಖವನ್ನು ಬಳಸಿಕೊಂಡಾಗ ಮೊದಮೊದಲು ಖುಷಿಯೇ ಪಟ್ಟಿದ್ದ. 2016ರ ಸೆಪ್ಟೆಂಬರಿನಲ್ಲಿ ಪತ್ರಿಕೆಯವರು ಕೇಳಿದಾಗಲೂ, ಇದೊಂದು ಘಟ್ಟ, ಚುನಾವಣೆ ಮುಗಿದರೆ ಇದೂ ಹೋಗುತ್ತದೆ ಎಂಬ ಅರ್ಥದಲ್ಲಿ ಹೇಳಿಬಿಟ್ಟ. ಅದನ್ನು ಓದಿದಾಗ ನನ್ನ ಕೈ ಸಡಿಲವಾಯಿತು. ನಾನೂ ಒಮ್ಮೆ ಅದೇ ಮಾತು ಹೇಳಿದ್ದೆ, ಎರಡು ದಿನ ಹೋಗಲಿ, ಎಲ್ಲರೂ ಮರೆತುಬಿಡುತ್ತಾರೆ ಎಂದು. ನನ್ನದು ಕಪ್ಪೆಯಲ್ಲ, ಗೂಬೆ.

1994ನೆಯ ಇಸವಿ. ಆಗ ನಾನಿದ್ದದ್ದು ಬೇರೆ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ. ವಾರ್ಷಿಕೋತ್ಸವದ ನಾಟಕಕ್ಕೊಂದು ಗೂಬೆ ಬೇಕಾಯಿತು. ರಟ್ಟು ಕತ್ತರಿಸಿ ನಾನೇ ಬಣ್ಣ ಬಳಿದೆ. ಕಣ್ಣಿಗೆ ಬರುವ ಹೊತ್ತಿಗೆ ಬಿಳಿ ಬಣ್ಣ ಮುಗಿದಿತ್ತು. ಇದ್ದಷ್ಟರಲ್ಲೇ ಅರ್ಧ ಕಣ್ಣು ಬಿಡಿಸಿ, ಉಳಿದರ್ಧಕ್ಕೆ ಕಂದು ರೆಪ್ಪೆ ಮುಚ್ಚಿಸಿದೆ. ಗೂಬೆಗೆ ಅದೆಂಥದೋ ಬೇಸತ್ತ ಗಾಂಭೀರ್ಯ ಬಂದುಬಿಟ್ಟಿತು. ನಾಟಕ ಮುಗಿದ ಮೇಲೆ ಬಿಸಾಡಲು ಮನಸ್ಸಾಗದೆ ಸ್ಟಾಫ್ ರೂಮಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆವು. ಒಂದು ದಿನ ನಾನು ಚೀಟಿಯೊಂದರಲ್ಲಿ 'ಎರಡನೇ ಪಿರಿಯಡ್ಡಿಗೇ ಹಸಿವು' ಎಂದು ಬರೆದು ಅದರ ಕಾಲಡಿಗೆ ಗೋಂದು ಹಚ್ಚಿ ಅಂಟಿಸಿದೆ. ಎಲ್ಲರೂ ನಕ್ಕರು. ಮಾರನೆಯ ದಿನ ಇನ್ಯಾರೋ 'ಸಂಬಳದ ಬಿಲ್ಲು ಖಜಾನೆಯಲ್ಲೇ ಮಲಗಿದೆ' ಎಂದು ಬರೆದರು. ಇನ್‌ಸ್ಪೆಕ್ಷನ್ನಿನ ದಿನ 'ನಾನು ಹಗಲು ಏನೂ ಕಾಣೆ' ಎಂದಿತು ಗೂಬೆ. ಆ ವರ್ಷ ನಾವು ಬದುಕಿದ್ದೇ ಆ ಗೂಬೆಯಿಂದ ಎಂದರೂ ಸರಿಯೆ. ಬೆಳಿಗ್ಗೆ ಸಹಿ ಹಾಕುವ ಮೊದಲು ಗೂಬೆಯ ಕಾಲಡಿ ನೋಡುವುದು ಎಲ್ಲರ ಅಭ್ಯಾಸವಾಯಿತು. ಬರೆದವರ ಹೆಸರು ಯಾರೂ ಕೇಳುತ್ತಿರಲಿಲ್ಲ. ಮಾತು ಗೂಬೆಯದು!

ನಮ್ಮ ಗಣಿತದ ಮಿಸ್ಸಿನ ಗಂಡ ಮುಂಬಯಿಗೆ ಹೋಗಿ ಒಂದೂವರೆ ವರ್ಷವಾಗಿತ್ತು. ಮೊದಲು ಕಾಗದ ಬರುತ್ತಿತ್ತು, ಆಮೇಲೆ ನಿಂತಿತು. ಆಕೆಯ ಮನೆಗೆ ಟಪಾಲು ಬರುವ ಹೊತ್ತಿಗೆ ಯಾರೂ ಇರುತ್ತಿರಲಿಲ್ಲ, ಶಾಲೆಯ ವಿಳಾಸ ಕೊಟ್ಟಿದ್ದರು. ಹನ್ನೊಂದೂವರೆಗೆ ಪೋಸ್ಟ್‌ಮ್ಯಾನ್ ಸೈಕಲ್ಲು ಗೇಟಿನ ಹತ್ತಿರ ಬಂದರೆ ಪಾಠದ ಮಧ್ಯೆಯೂ ಆಕೆ ಒಮ್ಮೆ ಕಿಟಕಿಯ ಕಡೆ ತಿರುಗುತ್ತಿದ್ದರು. ಮಕ್ಕಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ. ಒಂದು ಸೋಮವಾರ ಗೂಬೆ ಆಡಿತು.

'ಇವತ್ತೂ ಕಾಗದ ಬರಲಿಲ್ಲ.'

ಅರ್ಧ ಮುಚ್ಚಿದ ಆ ಕಣ್ಣಿಗೆ ಆ ಮಾತು ಎಷ್ಟು ಒಪ್ಪಿತ್ತೆಂದರೆ, ನಾನು ನಕ್ಕುಬಿಟ್ಟೆ. ಜೋರಾಗಿಯೇ ನಕ್ಕೆ. ತಿರುಗಿ ನೋಡಿದರೆ ಅವರು ಬಾಗಿಲಲ್ಲಿ ನಿಂತಿದ್ದರು. ಏನೂ ಅನ್ನಲಿಲ್ಲ. ಮೇಜಿನ ಮೇಲಿದ್ದ ಹಾಜರಿ ಪುಸ್ತಕ ತೆಗೆದುಕೊಂಡರು, ಊಟದ ಡಬ್ಬಿ ತೆಗೆದುಕೊಂಡರು, ಹೋದರು. ಅಂದಿನಿಂದ ವರ್ಗವಾಗುವವರೆಗೆ ಎರಡು ವರ್ಷ ಅವರು ಮಧ್ಯಾಹ್ನ ಊಟ ಮಾಡಿದ್ದು ವಿಜ್ಞಾನದ ಲ್ಯಾಬಿನಲ್ಲಿ, ಆ ಆಸಿಡ್ ವಾಸನೆಯ ನಡುವೆ, ಒಬ್ಬರೇ.

ಆ ಚೀಟಿ ನಾನು ಬರೆದದ್ದಲ್ಲ. ಈ ವಾಕ್ಯವನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ. ಗೂಬೆ ನನ್ನದು, ಮೊದಲ ಚೀಟಿ ನನ್ನದು, ನಗು ನನ್ನದು. ಅದೊಂದು ಚೀಟಿ ಮಾತ್ರ ನನ್ನದಲ್ಲ. ಎರಡು ದಿನಕ್ಕೆ ಮರೆತುಹೋಗುತ್ತದೆ ಎಂದುಕೊಂಡೆ. ಹೋಗದಿದ್ದಾಗ ಇನ್ನೊಂದು ದಡ್ಡತನ ಮಾಡಿದೆ. ಆ ಗೂಬೆಯ ಕೆಳಗೇ 'ತಪ್ಪಾಯಿತು' ಎಂದು ಚೀಟಿ ಅಂಟಿಸಿದೆ. ಎದುರಿಗೆ ಹೋಗಿ ನಿಂತು ಹೇಳುವ ಧೈರ್ಯವಿಲ್ಲದೆ ಗೂಬೆಯ ಬಾಯಲ್ಲಿ ಹೇಳಿಸಿದೆ. ಅದನ್ನು ಓದಿದ ಇಬ್ಬರು ಮೂವರಿಗೆ ಅದೂ ತಮಾಷೆಯಾಗಿಯೇ ಕಂಡಿತು. ವಾರದ ಕೊನೆಗೆ ಗೂಬೆಯನ್ನು ಇಳಿಸಿ ಮನೆಗೆ ತಂದೆ.

ಫ್ಯೂರಿಯೂ ಇಂಥದೇ ಎರಡು ಕೆಲಸ ಮಾಡಿದ. 2016ರ ಅಕ್ಟೋಬರಿನಲ್ಲಿ ಟೈಮ್ ಪತ್ರಿಕೆಯಲ್ಲಿ ಲೇಖನ ಬರೆದು, ಪೆಪೆ ಎಂದೂ ದ್ವೇಷದ್ದಾಗಿರಲಿಲ್ಲ, ನಾನವನನ್ನು ಮರಳಿ ಪಡೆಯುತ್ತೇನೆ ಎಂದ. ಪಟ್ಟಿಗೆ ಸೇರಿಸಿದ ಸಂಸ್ಥೆಯೇ ಅವನ ಜೊತೆ ಕೈಗೂಡಿಸಿ, ಒಳ್ಳೆಯ ಮಾತಿನ ಪೆಪೆಗಳನ್ನು ಬರೆದು ಹಂಚಿ ಎಂದು ಜನರನ್ನು ಕೇಳಿಕೊಂಡಿತು. ಕೆಟ್ಟ ಕಪ್ಪೆಗಳ ಪ್ರವಾಹದಲ್ಲಿ ಒಳ್ಳೆಯ ಕಪ್ಪೆಗಳು ಎಲ್ಲಿ ಕಾಣಬೇಕು? ಅದಾಗದೆ, 2017ರ ಮೇ 6ರಂದು, ಅಂಗಡಿಗಳು ಪುಕ್ಕಟೆಯಾಗಿ ಚಿತ್ರಕಥೆ ಪುಸ್ತಕ ಹಂಚುವ ದಿನ, ಫ್ಯಾಂಟಾಗ್ರಾಫಿಕ್ಸ್ ಪ್ರಕಾಶನದ ಸಂಕಲನದಲ್ಲಿ ಒಂದೇ ಪುಟದ ಕಥೆ ಬಂತು. ಶವಪೆಟ್ಟಿಗೆಯಲ್ಲಿ ಪೆಪೆ. ಸುತ್ತ ಮೂವರು ಗೆಳೆಯರು. ಅವರಲ್ಲೊಬ್ಬ ಒಂದಿಷ್ಟು ಹೆಂಡವನ್ನು ಸತ್ತವನ ಮುಖದ ಮೇಲೆ ಸುರಿದು ಉಳಿದದ್ದನ್ನು ತಾನು ಕುಡಿಯುತ್ತಾನೆ. ಹೆತ್ತವನೇ ಕೊಂದ ಎಂದು ಪತ್ರಿಕೆಗಳು ಬರೆದವು. ಆದರೆ ಕಪ್ಪೆ ಸಾಯಲಿಲ್ಲ. ಕಾಗದದ ಪ್ರಾಣಿಯನ್ನು ಒಂದು ಕಾಗದದ ಮೇಲೆ ಕೊಂದರೆ ಉಳಿದ ಕೋಟಿ ಕಾಗದಗಳಲ್ಲಿ ಅದು ಬದುಕಿಯೇ ಇರುತ್ತದೆ.

ಕೊನೆಗೆ ಆತ ಸೌಮ್ಯತೆ ಬಿಟ್ಟು ವಕೀಲರ ಬಳಿ ಹೋದ. ಇದು ನನಗೆ ಅವನಲ್ಲಿ ಬಹಳ ಹಿಡಿಸಿದ ಸಂಗತಿ. 2017ರಲ್ಲಿ ಟೆಕ್ಸಾಸಿನಲ್ಲೊಬ್ಬರು ಪೆಪೆಯನ್ನು ನಾಯಕನಾಗಿಸಿ, ಗಡ್ಡದ ಮೊಸಳೆಯನ್ನು ಖಳನಾಗಿಸಿ, ಮುಸ್ಲಿಮರನ್ನು ಹಂಗಿಸುವ ಮಕ್ಕಳ ಪುಸ್ತಕ ಬರೆದು ಮಾರಿದ್ದರು. ನಮ್ಮ ಕಸುಬಿನವರೇ, ಶಾಲೆಯ ಉಪಮುಖ್ಯೋಪಾಧ್ಯಾಯರು! ಪುಸ್ತಕ ನಿಂತಿತು. ಬಂದ ಲಾಭ 1,521 ಡಾಲರ್ ಚಿಲ್ಲರೆಯನ್ನು ಮುಸ್ಲಿಮರ ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆಗೇ ಕೊಡಬೇಕೆಂದು ಫ್ಯೂರಿ ಪಟ್ಟುಹಿಡಿದು ಕೊಡಿಸಿದ. 2018ರಲ್ಲಿ ಇನ್ಫೋವಾರ್ಸ್ ಎಂಬ ಸಂಸ್ಥೆ ಪೆಪೆಯಿದ್ದ ಚುನಾವಣಾ ಭಿತ್ತಿಚಿತ್ರ ಮಾರಿದ್ದಕ್ಕೆ ಮೊಕದ್ದಮೆ ಹೂಡಿದ. ಒಮ್ಮೆ ಮೀಮ್ ಆದದ್ದು ಎಲ್ಲರ ಸ್ವತ್ತಲ್ಲವೇ ಎಂಬ ವಾದಕ್ಕೆ, ಅಲ್ಲ, ಗೆರೆ ಎಳೆದ ಕೈಯ ಹಕ್ಕು ಅಳಿಸಿಹೋಗುವುದಿಲ್ಲ ಎಂಬುದು ಅವನ ಉತ್ತರ. 2019ರ ಜೂನ್‌ನಲ್ಲಿ 15,000 ಡಾಲರಿಗೆ ರಾಜಿಯಾಯಿತು. ಅದರಲ್ಲಿ 1,000 ಡಾಲರ್ ನಿಜವಾದ ಕಪ್ಪೆಗಳನ್ನು ಉಳಿಸುವ ಸಂಘಕ್ಕೆ ಹೋಯಿತು. ಅಷ್ಟು ಗದ್ದಲದಲ್ಲಿ ಕೆರೆಯ ಕಪ್ಪೆ ಅವನಿಗೆ ನೆನಪಿತ್ತಲ್ಲ.

ಇಲ್ಲಿ ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ನೆನಪಾಗದೆ ಇರುವುದು ಸಾಧ್ಯವಿಲ್ಲ. 1921ರಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲಿ ನಮ್ಮ 'ಕೊರವಂಜಿ'ಗೂ ಚಿತ್ರ ಬರೆದವರು. 1951ರಿಂದ ಅವರ ಶ್ರೀಸಾಮಾನ್ಯ, ಚೌಕಳಿ ಕೋಟು, ಪಂಚೆಯ ಆ ಮುದುಕ, ಪತ್ರಿಕೆಯ ಮೂಲೆಯಲ್ಲಿ ಐವತ್ತು ವರ್ಷಕ್ಕೂ ಮಿಕ್ಕಿ ನಿಂತೇ ಇದ್ದ. ಮಂತ್ರಿ ಮಾತಾಡಿದ, ಗುಮಾಸ್ತ ಮಾತಾಡಿದ, ಆತನ ಹೆಂಡತಿಯೂ ಮಾತಾಡಿದಳು. ಆತ ಮಾತ್ರ ಬಾಯಿ ಬಿಡಲಿಲ್ಲ. ಕೆಳಗಿನ ಸಾಲು ಇನ್ಯಾರದೋ ಮಾತು. ಚಿತ್ರವೂ ಸಾಲೂ ಎರಡೂ ಒಂದೇ ಕೈಯಿಂದ ಬರುತ್ತಿದ್ದವು, ಕೆಳಗೆ ಲಕ್ಷ್ಮಣರ ಸಹಿ ಇರುತ್ತಿತ್ತು. ಬೈಯುವುದಿದ್ದರೆ ಯಾರನ್ನು ಬೈಯಬೇಕೆಂದು ಗೊತ್ತಿತ್ತು. ನಮ್ಮ ಗೂಬೆಗೂ ಅಮೆರಿಕದ ಕಪ್ಪೆಗೂ ಇರದೆ ಹೋದದ್ದು ಆ ಸಹಿ.

ಮಗಳಿಗೆ ತಿಳಿಯದ ಅಧ್ಯಾಯವೊಂದು ಇನ್ನೂ ಇದೆ. 2019ರ ಬೇಸಿಗೆಯಲ್ಲಿ ಹಾಂಗ್‌ಕಾಂಗಿನ ಜನ, ಆರೋಪಿಗಳನ್ನು ಚೀನಾಕ್ಕೆ ಒಪ್ಪಿಸುವ ಮಸೂದೆಯ ವಿರುದ್ಧ ಬೀದಿಗಿಳಿದರು. ಕೈಯಲ್ಲಿ ಛತ್ರಿ, ತಲೆಗೆ ಹಳದಿ ಹೆಲ್ಮೆಟ್ಟು, ಗೋಡೆಗಳ ತುಂಬ ಅಂಟಿಸಿದ ಬಣ್ಣದ ಚೀಟಿಗಳು. ಆ ಚೀಟಿಗಳ ನಡುವೆ ಪೆಪೆ! ಹೆಲ್ಮೆಟ್ಟು ತೊಟ್ಟ ಪೆಪೆ, ಅಶ್ರುವಾಯುವಿಗೆ ಮುಖಗವಸು ಹಾಕಿದ ಪೆಪೆ. ಆಗಸ್ಟ್ 11ರಂದು ಯುವತಿಯೊಬ್ಬಳ ಕಣ್ಣಿಗೆ ಏಟು ಬಿದ್ದ ಮೇಲೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಪೆಪೆ. ವಾಟ್ಸಾಪಿನಲ್ಲಿ ಅವರು ಪರಸ್ಪರ ಕಳಿಸಿಕೊಂಡ ಸ್ಟಿಕ್ಕರುಗಳಲ್ಲೂ ಅವನೇ. ಅಮೆರಿಕದ ಪಟ್ಟಿಯ ವಿಷಯ ಅಲ್ಲಿ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಅವರಿಗೆ ಅವನು ದಣಿದ, ಅತ್ತ, ಆದರೂ ನಾಳೆ ಮತ್ತೆ ಬೀದಿಗೆ ಬರುವ ಹುಡುಗ. ಒಬ್ಬ ಪ್ರತಿಭಟನಕಾರ ಫ್ಯೂರಿಗೆ ಪತ್ರ ಬರೆದು ಕೇಳಿದಾಗ, ಪೆಪೆ ಜನರ ಪಾಲಿಗೆ ಬಂದನಲ್ಲ ಎಂದು ಆತ ಸಂತೋಷಪಟ್ಟು ಉತ್ತರಿಸಿದ. 2020ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಈ ಕಥೆಯನ್ನೆಲ್ಲ ಹೇಳುವ 'ಫೀಲ್ಸ್ ಗುಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರ ಬಂತು, ಆರ್ಥರ್ ಜೋನ್ಸ್ ನಿರ್ದೇಶಿಸಿದ್ದು. ಅದಕ್ಕೊಂದು ಬಹುಮಾನವೂ ಸಿಕ್ಕಿತು.

ಇದನ್ನೆಲ್ಲ ಮಗಳಿಗೆ ಫೋನಿನಲ್ಲಿ ಹೇಳಿದೆ. "ಹಾಂಗ್‌ಕಾಂಗಿಂದು ನಂಗೆ ಗೊತ್ತಿರಲಿಲ್ಲಮ್ಮ" ಎಂದಳು. ಸ್ವಲ್ಪ ತಡೆದು, "ಆದರೂ ಇಲ್ಲಿನವರ ಗುಂಪಿಗೆ ಕಳಿಸಬೇಡ" ಎಂದಳು. ಅವಳು ಹೇಳುವುದೂ ಸರಿಯೇ. ಅವಳ ಮಗ ಹೋಗುವ ಶಾಲೆಯಲ್ಲಿ ಯಾರಾದರೂ ಆ ಕಪ್ಪೆಯನ್ನು ಅವನ ಪುಸ್ತಕದ ಮೇಲೆ ಅಂಟಿಸಿದರೆ ಅದು ಉಪ್ಪಿಟ್ಟಿನ ಕಪ್ಪೆಯಾಗಿರುವುದಿಲ್ಲ. ಮನೆಯವರ ಗುಂಪಿನಿಂದ ತೆಗೆದೆ. ಬೀದಿಯ ಗುಂಪಿನಲ್ಲಿ ಅದು ಇನ್ನೂ ಓಡಾಡುತ್ತಿದೆ. ಮೊನ್ನೆ ಅದರ ಕೆಳಗೆ 'ನೆಂಟರು ನಾಳೆಯೂ ಇರುತ್ತಾರಂತೆ' ಎಂದಿತ್ತು.

ಫ್ಯೂರಿ 2012ರಲ್ಲಿ ಮಕ್ಕಳಿಗಾಗಿ 'ದಿ ನೈಟ್ ರೈಡರ್ಸ್' ಎಂಬ ಪುಸ್ತಕ ಮಾಡಿದ್ದಾನೆ. ಅದರಲ್ಲೂ ಕಪ್ಪೆಯೇ, ಬೇರೆ ಕಪ್ಪೆ. ಇಲಿಯ ಜೊತೆ ನಡುರಾತ್ರಿ ಎದ್ದು, ಸೊಪ್ಪು ತಿಂದು, ಬೈಕು ಹತ್ತಿ ಬೆಳಗಾಗುವವರೆಗೆ ಸುತ್ತುತ್ತದೆ. ಆ ಪುಸ್ತಕದಲ್ಲಿ ಮಾತೇ ಇಲ್ಲ, ಬರೀ ಚಿತ್ರ. ಮೊಮ್ಮಗನಿಗೆ ಕೊಡಿಸು ಎಂದು ಮಗಳಿಗೆ ಹೇಳಿದ್ದೇನೆ.

ಗೂಬೆ ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿತ್ತು. ಇಳಿಸಿ ನೋಡಿದೆ. ಒಂದು ರೆಕ್ಕೆಗೆ ಗೆದ್ದಲು ಹಿಡಿದಿದೆ. ಕಾಲಡಿಯಲ್ಲಿ ಒಂದರ ಮೇಲೊಂದು ಅಂಟಿಸಿ ಕಿತ್ತ ಚೀಟಿಗಳ ಗೋಂದು ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿದೆ. ಅಕ್ಷರ ಯಾವುದೂ ಉಳಿದಿಲ್ಲ.

ನಿವೃತ್ತರಾದ ನಮ್ಮ ಟೀಚರುಗಳದೂ ಒಂದು ಗುಂಪಿದೆ. ಗಣಿತದ ಮಿಸ್ಸಿನ ನಂಬರು ಯಾರ ಹತ್ತಿರವಾದರೂ ಇದೆಯೇ ಎಂದು ನಿನ್ನೆ ರಾತ್ರಿ ಅದರಲ್ಲಿ ಕೇಳಿದ್ದೇನೆ. ಕಪ್ಪೆ, ಗೂಬೆ ಯಾವುದನ್ನೂ ಅಂಟಿಸದೆ, ಬರೀ ಅಕ್ಷರದಲ್ಲಿ, ಕೊನೆಗೆ ನನ್ನ ಹೆಸರು ಬರೆದು. ಈ ಹೊತ್ತಿಗೆ ಹನ್ನೊಂದು ಜನ ನೋಡಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.